ಏಕೀಕರಣದ ಪ್ರಶ್ನೆ ಮತ್ತು ಪಕ್ಷಗಳ ನಿಲುವು: ಬಿ.ಜಿ. ಕೆರೆಯ ಕಡೆಯಿಂದ ಒಂದು ನೋಟ

ಯುರೋಪಿನ ರಾಷ್ಟ್ರಗಳ ಒಕ್ಕೂಟದ ವಿಷಯ ಬಂದಾಗಲೆಲ್ಲ ನಮ್ಮ ವೀಕ್ಷಕರು ಕೇಳುವ ಪ್ರಶ್ನೆಯೊಂದಿದೆ: ಅಲ್ಲಿಯ ಯಾವ ಪಕ್ಷ ಒಕ್ಕೂಟದ ಪರ, ಯಾವುದು ವಿರುದ್ಧ? ಸರಳವಾದ ಪ್ರಶ್ನೆ. ಉತ್ತರ ಮಾತ್ರ ಸರಳವಲ್ಲ. ಬ್ರಿಟನ್ನನ್ನೇ ನೋಡಿ. 1973ರಲ್ಲಿ ಆ ದೇಶವನ್ನು ಒಕ್ಕೂಟದೊಳಕ್ಕೆ ಕರೆದೊಯ್ದವರು ಕನ್ಸರ್ವೇಟಿವ್ ಪಕ್ಷದ ಪ್ರಧಾನಿ ಎಡ್ವರ್ಡ್ ಹೀತ್. 1975ರಲ್ಲಿ ಒಳಗಿರಬೇಕೇ ಬೇಡವೇ ಎಂದು ಜನಮತ ಕೇಳಿದಾಗ, ಲೇಬರ್ ಪಕ್ಷದ ಪ್ರಧಾನಿ ಹೆರಾಲ್ಡ್ ವಿಲ್ಸನ್ ತಮ್ಮ ಮಂತ್ರಿಗಳಿಗೆ ಎರಡೂ ಕಡೆ ಪ್ರಚಾರ ಮಾಡಲು ಬಿಟ್ಟುಕೊಟ್ಟರು. ಶೇಕಡಾ 67ರಷ್ಟು ಮತ ಒಳಗಿರುವುದರ ಪರವಾಗಿ ಬಂತು. 1983ರಲ್ಲಿ ಅದೇ ಲೇಬರ್ ಪಕ್ಷ ಹೊರಬರುತ್ತೇವೆಂದು ಪ್ರಣಾಳಿಕೆಯಲ್ಲಿ ಬರೆಯಿತು. 2016ರ ಹೊತ್ತಿಗೆ ಲೇಬರ್ ಸಂಸದರಲ್ಲಿ ಬಹುಪಾಲು ಒಳಗಿರುವ ಪರ. ಎರಡು ಹೋಳಾಗಿದ್ದುದು ಕನ್ಸರ್ವೇಟಿವ್ ಪಕ್ಷ. ಆ ವರ್ಷದ ಜನಮತದಲ್ಲಿ ಸುಮಾರು ಶೇಕಡಾ 52ರಷ್ಟು ಜನ ಹೊರಬರೋಣ ಎಂದರು. ಎಡ, ಬಲ ಎಂಬ ಅಳತೆಗೋಲು ಇಲ್ಲಿ ಕೆಲಸಕ್ಕೆ ಬಾರದು.

ಕನ್ನಡಿಗರಿಗೆ ಇದೇನೂ ಹೊಸದಾಗಿ ಕಾಣಬಾರದು. ಬೇರೆ ಬೇರೆ ಆಡಳಿತಗಳ ಕೆಳಗಿದ್ದ ಪ್ರದೇಶಗಳನ್ನು ಒಂದುಗೂಡಿಸುವ ಪ್ರಶ್ನೆಯನ್ನು ನಾವೂ ಎದುರಿಸಿದ್ದೇವೆ. ಕರ್ನಾಟಕ ಏಕೀಕರಣದ ಕತೆಯನ್ನು ಸಾಮಾನ್ಯವಾಗಿ ಆಲೂರು ವೆಂಕಟರಾಯರಿಂದ ತೊಡಗಿ ಸಾಹಿತಿಗಳ, ಸಂಘಸಂಸ್ಥೆಗಳ, ಉಪವಾಸ ಕುಳಿತ ದೇಶಭಕ್ತರ ಕತೆಯಾಗಿ ಹೇಳುತ್ತೇವೆ. ಅದು ನಿಜವೂ ಹೌದು. ಆದರೆ ರಾಜ್ಯವನ್ನು ಕೂಡಿಸುವ ಕಾಯಿದೆಗೆ ಕೈ ಎತ್ತಬೇಕಾದವರು ಪಕ್ಷಗಳವರು. ಅವರು ಏನು ಹೇಳಿದರು, ಎಲ್ಲಿ ನಿಂತು ಹೇಳಿದರು, ಯಾವಾಗ ಮಾತು ಬದಲಿಸಿದರು ಎಂಬುದು ನಮ್ಮ ಪಠ್ಯಪುಸ್ತಕಗಳಲ್ಲಿ ಅಷ್ಟಾಗಿ ಬರುವುದಿಲ್ಲ. ಅದನ್ನು ಬೆಂಗಳೂರಿನಿಂದಾಗಲಿ ಧಾರವಾಡದಿಂದಾಗಲಿ ನೋಡದೆ, ಚಳ್ಳಕೆರೆಯಿಂದ ಬಳ್ಳಾರಿಗೆ ಹೋಗುವ ಹೆದ್ದಾರಿಯ ಮೇಲಿರುವ ಒಂದು ಊರಿನಿಂದ ನೋಡುವುದು ಈ ಲೇಖನದ ಉದ್ದೇಶ.

ಆ ಊರು ಬಿ.ಜಿ. ಕೆರೆ, ಅಂದರೆ ಬೊಮ್ಮಗೊಂಡನಕೆರೆ. ಮೊಳಕಾಲ್ಮುರು ತಾಲ್ಲೂಕು. ಶೇಂಗಾ ಬೆಳೆಯುವ, ಮಳೆಗೆ ಮುಖ ಎತ್ತಿ ಕಾಯುವ ಸೀಮೆ. ಹಳೆಯ ಮೈಸೂರು ಸಂಸ್ಥಾನದ ನಕಾಶೆಯನ್ನು ತೆಗೆದು ನೋಡಿದರೆ, ಸಂಸ್ಥಾನದ ಉತ್ತರದ ತುದಿ ಇಲ್ಲಿ ಒಂದು ಬೆರಳಿನಂತೆ ಮದರಾಸು ಪ್ರಾಂತದೊಳಕ್ಕೆ ಚಾಚಿಕೊಂಡಿರುವುದು ಕಾಣುತ್ತದೆ. ಪಶ್ಚಿಮಕ್ಕೆ ಕೂಡ್ಲಿಗಿ, ಉತ್ತರಕ್ಕೆ ಬಳ್ಳಾರಿ, ಪೂರ್ವಕ್ಕೆ ರಾಯದುರ್ಗ. ಈ ಮೂರೂ ಅಂದು ಮದರಾಸಿನ ಬಳ್ಳಾರಿ ಜಿಲ್ಲೆಯ ತಾಲ್ಲೂಕುಗಳು. ದಕ್ಷಿಣಕ್ಕೆ ಚಳ್ಳಕೆರೆಯೊಂದೇ ಮೈಸೂರಿನ ನೆಂಟಸ್ತಿಕೆ. ಇಲ್ಲಿಯವರಿಗೆ ಬಳ್ಳಾರಿಯ ಪೇಟೆ, ರಾಯದುರ್ಗದ ಸಂತೆ, ಕೂಡ್ಲಿಗಿ ಕಡೆಯ ಬೀಗರು ದಿನಬಳಕೆಯ ಸಂಗತಿ. ಕಂದಾಯ ಕಟ್ಟುವುದು, ಕೋರ್ಟಿಗೆ ಅಲೆಯುವುದು ಮಾತ್ರ ಚಿತ್ರದುರ್ಗಕ್ಕೆ. ಮನೆಯಲ್ಲಿ ತೆಲುಗು ಆಡಿ ಹೊರಗೆ ಕನ್ನಡ ಆಡುವವರೂ, ಎರಡನ್ನೂ ಒಂದೇ ವಾಕ್ಯದಲ್ಲಿ ಬೆರೆಸುವವರೂ ಈ ಭಾಗದಲ್ಲಿ ಹೇರಳ. ಭಾಷೆಯ ಗೆರೆ ಎಳೆಯುವವರಿಗೆ ಇಂಥ ಊರುಗಳು ಎಂದೂ ಸುಲಭದ ಜಾಗವಲ್ಲ.

(ನಮ್ಮ ದೂರದರ್ಶನದವರು ಈ ದಾರಿಯಲ್ಲಿ ಹೋಗುವುದು ಸಾಮಾನ್ಯವಾಗಿ ಬ್ರಹ್ಮಗಿರಿಯ ಅಶೋಕ ಶಾಸನಕ್ಕಾಗಿ. 1892ರಲ್ಲಿ ಬಿ.ಎಲ್. ರೈಸ್ ಇಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರ ಈ ಮೂರು ಕಡೆ ಶಾಸನಗಳನ್ನು ಬೆಳಕಿಗೆ ತಂದರು. ಬಂಡೆಯನ್ನು ಚಿತ್ರೀಕರಿಸಿ ಹಿಂದಿರುಗುತ್ತೇವೆ. ಅದರ ಸುತ್ತಲೇ ಹಾದುಹೋಗಿದ್ದ ಇತ್ತೀಚಿನ ಗಡಿಯ ಕಡೆಗೆ ಕ್ಯಾಮೆರಾ ತಿರುಗುವುದಿಲ್ಲ.)

ಈಗ ಪಕ್ಷಗಳ ವಿಷಯ. ಕಾಂಗ್ರೆಸ್ಸು 1920ರ ನಾಗಪುರ ಅಧಿವೇಶನದಲ್ಲಿ ತನ್ನ ಪ್ರಾಂತ ಸಮಿತಿಗಳನ್ನು ಭಾಷೆಯ ಆಧಾರದ ಮೇಲೆ ರಚಿಸಿಕೊಳ್ಳಲು ಒಪ್ಪಿತು. ಕರ್ನಾಟಕ ಪ್ರಾಂತ ಕಾಂಗ್ರೆಸ್ ಸಮಿತಿ ಹುಟ್ಟಿದ್ದು ಹೀಗೆ. ಅಂದರೆ ಸರ್ಕಾರದ ಕಾಗದದಲ್ಲಿ ಒಂದುಗೂಡಿದ ಕನ್ನಡ ರಾಜ್ಯ ಬರುವುದಕ್ಕೆ 36 ವರ್ಷ ಮೊದಲೇ ಪಕ್ಷದ ಕಾಗದದಲ್ಲಿ ಕರ್ನಾಟಕ ಇತ್ತು. ಕೂಡಲೇ ತಕರಾರೂ ಬಂತು: ಬಳ್ಳಾರಿ ಜಿಲ್ಲೆ ಯಾವ ಸಮಿತಿಗೆ, ಆಂಧ್ರಕ್ಕೋ ಕರ್ನಾಟಕಕ್ಕೋ? ಪಕ್ಷವು ಎನ್.ಸಿ. ಕೇಳ್ಕರರನ್ನು ಪಂಚಾಯ್ತಿಗೆ ಕೂರಿಸಿತು. 1921ರಲ್ಲಿ ಅವರು ಕೊಟ್ಟ ತೀರ್ಪಿನಂತೆ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರ ಸಮಿತಿಗೆ, ಉಳಿದವು ಕರ್ನಾಟಕಕ್ಕೆ. ಅದು ಸದಸ್ಯತ್ವದ ಚಂದಾ ಯಾರು ವಸೂಲು ಮಾಡಬೇಕು, ಪ್ರತಿನಿಧಿಗಳನ್ನು ಯಾರು ಕಳಿಸಬೇಕು ಎಂಬಷ್ಟಕ್ಕೆ ಸಂಬಂಧಿಸಿದ ಮನೆಯೊಳಗಿನ ಹಂಚಿಕೆ. 32 ವರ್ಷಗಳ ನಂತರ ಅದೇ ಮೂರು ತಾಲ್ಲೂಕುಗಳು ಆಂಧ್ರ ರಾಜ್ಯಕ್ಕೆ ಹೋದವು. ರಾಯದುರ್ಗದ ಕಡೆಯ ಇಂದಿನ ರಾಜ್ಯ ಗಡಿ ಮೊದಲು ಕಂಡದ್ದು ಒಂದು ಪಕ್ಷದ ದಫ್ತರದಲ್ಲಿ.

1924ರಲ್ಲಿ ಬೆಳಗಾವಿಯಲ್ಲಿ ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ನಡೆದಾಗ, ಅಲ್ಲೇ ಮೊದಲ ಏಕೀಕರಣ ಪರಿಷತ್ತೂ ಸೇರಿತು. ಅದರ ಅಧ್ಯಕ್ಷರು ಸಿದ್ದಪ್ಪ ಕಂಬಳಿ. ಕಾಂಗ್ರೆಸ್ಸಿನ ಹಾದಿ ಬಿಟ್ಟು ಬ್ರಾಹ್ಮಣೇತರ ಚಳವಳಿಯಲ್ಲಿ ಹೆಸರಾಗಿ, ಮುಂಬಯಿ ಸರ್ಕಾರದಲ್ಲಿ ಮಂತ್ರಿಯೂ ಆದವರು. ಏಕೀಕರಣದ ಪ್ರಶ್ನೆ ಆಗಲೇ ಪಕ್ಷದ ಬೇಲಿಯನ್ನು ದಾಟಿತ್ತು ಎನ್ನುವುದಕ್ಕೆ ಈ ಒಂದು ಹೆಸರು ಸಾಕು.

ಸ್ವಾತಂತ್ರ್ಯ ಬಂದ ಮೇಲೆ ಕಾಂಗ್ರೆಸ್ಸಿನ ಸ್ವರ ಬದಲಾಯಿತು. 1948ರ ಧರ್ ಆಯೋಗ ಭಾಷಾ ಪ್ರಾಂತಗಳು ಬೇಡವೆಂದಿತು. ನೆಹರೂ, ಪಟೇಲ್, ಪಟ್ಟಾಭಿ ಸೀತಾರಾಮಯ್ಯ ಮೂವರ ಸಮಿತಿ 1949ರಲ್ಲಿ ದೇಶದ ಭದ್ರತೆ, ಐಕ್ಯ, ಆರ್ಥಿಕ ಪ್ರಗತಿ ಮೊದಲು, ಭಾಷಾ ಪ್ರಾಂತ ಆಮೇಲೆ ಎಂದಿತು. ವಿರೋಧದಲ್ಲಿದ್ದಾಗ ಜನರನ್ನು ಒಟ್ಟುಗೂಡಿಸಲು ಭಾಷೆ ಬೇಕಾಗಿತ್ತು, ಅಧಿಕಾರಕ್ಕೆ ಬಂದಾಗ ಅದೇ ಭಾಷೆ ತಲೆನೋವಾಯಿತು ಎಂದು ಟೀಕಿಸುವುದು ಸುಲಭ. ಆದರೆ ದೇಶ ಎರಡು ಹೋಳಾಗಿ ಎರಡು ವರ್ಷವೂ ತುಂಬದ ಕಾಲ ಅದು. ಇನ್ನೊಂದು ಗೆರೆ ಎಳೆಯಲು ಯಾರಿಗೂ ಕೈ ಬಾರದಿದ್ದುದನ್ನು ಅರ್ಥಮಾಡಿಕೊಳ್ಳಬಹುದು.

ನಮ್ಮ ಕಡೆ ಇನ್ನೂ ಒಂದು ತೊಡಕಿತ್ತು. ಕನ್ನಡನಾಡಿನಲ್ಲಿ ಕಾಂಗ್ರೆಸ್ ಒಂದಲ್ಲ, ಎರಡು. ಮುಂಬಯಿ ಕರ್ನಾಟಕ ಮೊದಲಾದ ಭಾಗಗಳಿಗೆ ಕರ್ನಾಟಕ ಪ್ರಾಂತ ಕಾಂಗ್ರೆಸ್. ಸಂಸ್ಥಾನದ ಹೋರಾಟದಲ್ಲಿ ಬೆಳೆದ ಮೈಸೂರು ಕಾಂಗ್ರೆಸ್ ಬೇರೆ. ಮೊದಲನೆಯದಕ್ಕೆ ಏಕೀಕರಣವೇ ಪ್ರಾಣ. ಎರಡನೆಯದಕ್ಕೆ 1947ರ ಅಕ್ಟೋಬರಿನಿಂದ ಕೈಯಲ್ಲಿ ಸರ್ಕಾರವಿತ್ತು. ಜೊತೆಗೆ ಕೃಷ್ಣರಾಜಸಾಗರ, ಜೋಗದ ವಿದ್ಯುತ್ತು, ಭದ್ರಾವತಿಯ ಕಾರ್ಖಾನೆ, 1916ರಷ್ಟು ಹಿಂದೆಯೇ ತನ್ನದೇ ವಿಶ್ವವಿದ್ಯಾಲಯ. ಇರುವವನಿಗೂ ಇಲ್ಲದವನಿಗೂ ಕೂಡುಕುಟುಂಬದ ಬಗ್ಗೆ ಒಂದೇ ಅಭಿಪ್ರಾಯ ಇರುವುದು ಅಪರೂಪ.

ಈ ಎರಡು ಕಾಂಗ್ರೆಸ್ಸುಗಳ ನಡುವಿನ ಗೆರೆ ಒಬ್ಬ ವ್ಯಕ್ತಿಯ ಬದುಕಿನಲ್ಲೇ ಹಾದುಹೋಗಿತ್ತು. ಎಸ್. ನಿಜಲಿಂಗಪ್ಪ ಹುಟ್ಟಿದ್ದು ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯ ಹಲುವಾಗಲಿನಲ್ಲಿ. ವಕೀಲಿ ಮಾಡಿದ್ದು ಮೈಸೂರು ಸಂಸ್ಥಾನದ ಚಿತ್ರದುರ್ಗದಲ್ಲಿ. ಮೈಸೂರಿನಲ್ಲಿ ನೆಲೆಸಿದ್ದು, ಹೊರಗಿನ ಕನ್ನಡಿಗರ ಕರ್ನಾಟಕ ಪ್ರಾಂತ ಕಾಂಗ್ರೆಸ್ಸಿಗೆ ಅಧ್ಯಕ್ಷರಾದರು. 1952ರಲ್ಲಿ ಚಿತ್ರದುರ್ಗದಿಂದ ಲೋಕಸಭೆಗೆ ಆರಿಸಿಬಂದರು. ಗಡಿ ಎಂಬುದು ಅವರಿಗೆ ಪುಸ್ತಕದಲ್ಲಿ ಓದಿದ ವಿಷಯವಲ್ಲ. ಏಕೀಕರಣದ ಬಗ್ಗೆ ಅವರ ಮಾತಿನಲ್ಲಿ ಡೋಲಾಯಮಾನ ಕಾಣದಿದ್ದುದಕ್ಕೆ ಇದೂ ಒಂದು ಕಾರಣವಿರಬೇಕೆಂದು ನನ್ನ ಎಣಿಕೆ.

ಮೈಸೂರಿನ ವಿರೋಧಿಗಳ ವಾದವನ್ನು ಇಂದು ಕೇವಲ ಸ್ವಾರ್ಥವೆಂದು ತಳ್ಳಿಹಾಕುವುದುಂಟು. ಅದು ನ್ಯಾಯವಲ್ಲ. ಮೈಸೂರು ಸರ್ಕಾರ ನೇಮಿಸಿದ ಶೇಷಾದ್ರಿ ಸಮಿತಿ, ಸೇರಬೇಕಾದ ಪ್ರದೇಶಗಳು ಶಿಕ್ಷಣ, ವೈದ್ಯಕೀಯ ಸೌಲಭ್ಯ ಮೊದಲಾದವುಗಳಲ್ಲಿ ಎಷ್ಟು ಹಿಂದಿವೆ ಎಂಬುದನ್ನು ಲೆಕ್ಕ ಹಾಕಿ ತೋರಿಸಿತು. ಈ ಹೊರೆ ಮೈಸೂರಿನ ಬೊಕ್ಕಸದ ಮೇಲೆ ಬೀಳುತ್ತದೆಂಬುದು ಬಹಿರಂಗದ ವಾದ. ಮೆಲ್ಲನೆ ಆಡುತ್ತಿದ್ದ ಮಾತು ಜಾತಿಯದು. ಅದನ್ನು ಜೋರಾಗಿ ಹೇಳಿದ್ದು, ಸ್ವಾರಸ್ಯವೆಂದರೆ, ಫಜಲ್ ಅಲಿ ಅಧ್ಯಕ್ಷತೆಯ ರಾಜ್ಯ ಪುನರ್ವಿಂಗಡಣಾ ಆಯೋಗವೇ. ಮೈಸೂರಿನಲ್ಲಿ ಒಕ್ಕಲಿಗರು ಶೇಕಡಾ 29ಕ್ಕಿಂತ ಸ್ವಲ್ಪ ಕಡಿಮೆ. ಮೈಸೂರಿನ ಹೊರಗಿನ ಕನ್ನಡ ಪ್ರದೇಶದಲ್ಲಿ ಲಿಂಗಾಯತರು ಶೇಕಡಾ 35ರಿಂದ 40. ಎರಡೂ ಕೂಡಿದರೆ ಲಿಂಗಾಯತರು 20ಕ್ಕಿಂತ ತುಸು ಹೆಚ್ಚು, ಒಕ್ಕಲಿಗರು 13ರಿಂದ 14, ಹರಿಜನರು 17ರಿಂದ 18. ಯಾವ ಒಂದು ಕೋಮೂ ಮೇಲುಗೈ ಆಗದು, ಹೆದರಬೇಡಿ ಎಂಬುದು ಆಯೋಗದ ಸಮಾಧಾನ. ಈ ಲೆಕ್ಕವನ್ನು ಓದಿದ ಮೈಸೂರಿನ ರಾಜಕಾರಣಿಗೆ ಸಮಾಧಾನ ಆಗಿರಲಾರದು. 29 ಹೋಗಿ 14 ಆಗುವುದಷ್ಟೇ ಅವನಿಗೆ ಕಂಡಿರಬೇಕು.

ನಾನು ವಿಜ್ಞಾನ ಓದಿದವನು. ಪ್ರಯೋಗಾಲಯದಲ್ಲಿ ಎಲ್ಲರೂ ಮೊದಲು ಕೈಗೆತ್ತಿಕೊಳ್ಳುವ ಲಿಟ್ಮಸ್ ಕಾಗದ ನೆನಪಾಗುತ್ತದೆ. ಕಾಗದ ಒಂದೇ, ಆಮ್ಲದಲ್ಲಿ ಅದ್ದಿದರೆ ಕೆಂಪು, ಕ್ಷಾರದಲ್ಲಿ ನೀಲಿ. ಬಣ್ಣ ಹೇಳುವುದು ಕಾಗದದ ಗುಣವನ್ನಲ್ಲ, ಅದ್ದಿದ ದ್ರವದ ಗುಣವನ್ನು. ಏಕೀಕರಣದ ಪ್ರಶ್ನೆಯಲ್ಲಿ ನಮ್ಮ ಪಕ್ಷಗಳು ಬಹುಮಟ್ಟಿಗೆ ಹೀಗೆಯೇ ನಡೆದುಕೊಂಡವು. ಹುಬ್ಬಳ್ಳಿಯ ಕಾಂಗ್ರೆಸ್ಸಿಗನಿಗೂ ಮಂಡ್ಯದ ಕಾಂಗ್ರೆಸ್ಸಿಗನಿಗೂ ಖಾದಿ ಒಂದೇ, ಬಣ್ಣ ಬೇರೆ. ಹೈದರಾಬಾದು ರಾಜ್ಯದ ಕಾಂಗ್ರೆಸ್ಸಿನಲ್ಲಿ ಸ್ವಾಮಿ ರಮಾನಂದ ತೀರ್ಥರು ಆ ರಾಜ್ಯವೇ ಒಡೆದು ಭಾಷಾವಾರು ಹಂಚಿಹೋಗಲಿ ಎಂದರು. ಕಮ್ಯುನಿಸ್ಟರದು ತತ್ವದಲ್ಲಿ ಖಚಿತವಾದ ನಿಲುವು: ಐಕ್ಯ ಕರ್ನಾಟಕ, ಐಕ್ಯ ಕೇರಳ, ವಿಶಾಲಾಂಧ್ರ ಎಲ್ಲವೂ ಬೇಕು. ಆದರೆ ಎರಡು ಐಕ್ಯಗಳು ಒಂದೇ ತಾಲ್ಲೂಕನ್ನು ಕೇಳಿದಾಗ ಏನು ಮಾಡಬೇಕೆಂದು ತತ್ವ ಹೇಳುವುದಿಲ್ಲ. ಜನಸಂಘಕ್ಕೆ ಆ ದಿನಗಳಲ್ಲಿ ಇಡೀ ದೇಶಕ್ಕೆ ಏಕಾತ್ಮಕ ಸರ್ಕಾರ ಬೇಕಿತ್ತು, ಭಾಷಾ ರಾಜ್ಯಗಳ ಬಗ್ಗೆ ಒಲವಿರಲಿಲ್ಲ. ಸಮಾಜವಾದಿಗಳ ಪೈಕಿ 1952ರಲ್ಲಿ ಮೈಸೂರು ಶಾಸನಸಭೆ ಸೇರಿದ ಶಾಂತವೇರಿ ಗೋಪಾಲಗೌಡರು, ಮಲೆನಾಡಿನ ಒಕ್ಕಲಿಗ ಮನೆತನದವರಾಗಿಯೂ, ಜಾತಿಯ ಲೆಕ್ಕವನ್ನು ಬದಿಗಿಟ್ಟು ಏಕೀಕರಣದ ಪರ ನಿಂತರು. ಲಿಟ್ಮಸ್ ನಿಯಮವನ್ನು ಮೀರಿದ ಇಂಥವರು ಇದ್ದರು ಎನ್ನುವುದನ್ನು ಮರೆಯಬಾರದು. ಬೆರಳೆಣಿಕೆಯಷ್ಟೇ ಇದ್ದರೂ ಸರಿ.

ಪಕ್ಷಗಳನ್ನು ಕದಲಿಸಿದ್ದು 1953. ಅದಕ್ಕೆ ಹಿಂದಿನ ಡಿಸೆಂಬರಿನಲ್ಲಿ ಪೊಟ್ಟಿ ಶ್ರೀರಾಮುಲು ಉಪವಾಸದಿಂದ ಸತ್ತು, ಆಂಧ್ರ ರಾಜ್ಯದ ಘೋಷಣೆಯಾಗಿತ್ತು. ಕನ್ನಡಿಗರ ಪಾಲಿಗೆ ಏನೂ ಇಲ್ಲವೇ ಎಂದು ಹುಬ್ಬಳ್ಳಿಯ ಹತ್ತಿರ ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರು ಆಮರಣ ಉಪವಾಸ ಹೂಡಿದರು. ಏಪ್ರಿಲಿನಲ್ಲಿ ಹುಬ್ಬಳ್ಳಿಯಲ್ಲಿ ಸೇರಿದ ಪ್ರಾಂತ ಕಾಂಗ್ರೆಸ್ ಸಮಿತಿಯ ಸಭೆಯನ್ನು ಜನ ಮುತ್ತಿದರು, ಕಲ್ಲು ತೂರಿದರು. ಮುಂಬಯಿ ವಿಧಾನಸಭೆಯ ಕಾಂಗ್ರೆಸ್ ಸದಸ್ಯ ಅಂದಾನಪ್ಪ ದೊಡ್ಡಮೇಟಿ ರಾಜೀನಾಮೆ ಕೊಟ್ಟು ಹೊರಬಂದರು. ಅಖಂಡ ಕರ್ನಾಟಕ ರಾಜ್ಯ ನಿರ್ಮಾಣ ಪರಿಷತ್ತು ಹುಟ್ಟಿಕೊಂಡು ಸತ್ಯಾಗ್ರಹ ನಡೆಸಿತು. ಹುಬ್ಬಳ್ಳಿಯ ಉಪಚುನಾವಣೆಯಲ್ಲಿ ಕಾಂಗ್ರೆಸ್ಸನ್ನು ಸೋಲಿಸಿಯೂ ತೋರಿಸಿತು. 33 ವರ್ಷಗಳ ಠರಾವುಗಳು ಮಾಡದ ಕೆಲಸವನ್ನು ಒಂದು ಉಪಚುನಾವಣೆಯ ಸೋಲು ಮಾಡಿತು ಎಂದರೆ ಅತಿಶಯೋಕ್ತಿ ಇರಬಹುದು, ಸುಳ್ಳಿಲ್ಲ. ವರ್ಷದ ಕೊನೆಗೆ ಕೇಂದ್ರ ಸರ್ಕಾರ ಪುನರ್ವಿಂಗಡಣಾ ಆಯೋಗವನ್ನು ನೇಮಿಸಿತು.

ಬಿ.ಜಿ. ಕೆರೆಯ ಮಟ್ಟಿಗೆ ಏಕೀಕರಣ ಬಂದದ್ದು 1956ರಲ್ಲಲ್ಲ, 1953ರ ಅಕ್ಟೋಬರ್ 1ರಂದು. ಆಂಧ್ರ ರಾಜ್ಯ ಹುಟ್ಟಿದ ದಿನವೇ ಬಳ್ಳಾರಿ ಜಿಲ್ಲೆಯ ಕನ್ನಡ ತಾಲ್ಲೂಕುಗಳು ಮೈಸೂರಿಗೆ ಸೇರಿದವು. ಬಳ್ಳಾರಿ ಪಟ್ಟಣ ಯಾರಿಗೆಂಬ ಜಗಳ ಆ ಮೊದಲೇ ರಕ್ತ ಕಂಡಿತ್ತು. ಮೈಸೂರಿಗೆ ಸೇರುವ ಸಂಭ್ರಮಕ್ಕೆ ಹಾಕಿದ್ದ ಚಪ್ಪರವನ್ನು ಕಾಯುತ್ತಿದ್ದ ಪೈಲವಾನ ಪಿಂಜಾರ ರಂಜಾನ್ ಸಾಬ್ ಸೆಪ್ಟೆಂಬರ್ ಕೊನೆಯಲ್ಲಿ ಆಸಿಡ್ ಬಲ್ಬಿನ ದಾಳಿಗೆ ಬಲಿಯಾದರು. ಯಾವ ಪಕ್ಷದ ದೊಡ್ಡ ಮುಖಂಡರೂ ಅಲ್ಲ ಅವರು. ಏಕೀಕರಣದ ಪಟ್ಟಿಗಳಲ್ಲಿ ಅವರ ಹೆಸರು ಎಷ್ಟೋ ಕಾಲ ಕೊನೆಯ ಸಾಲಿನಲ್ಲಿತ್ತು.

ಹೀಗೆ ಉತ್ತರ, ಪಶ್ಚಿಮದ ಗೆರೆ ಅಳಿಸಿತು. ಬಳ್ಳಾರಿಗೆ, ಕೂಡ್ಲಿಗಿಗೆ ಹೋಗಲು ಇನ್ನು ಮದರಾಸಿನ ಹಂಗಿಲ್ಲ. ಆದರೆ ಅದೇ ದಿನ ಪೂರ್ವಕ್ಕೆ ರಾಯದುರ್ಗ ಬಳ್ಳಾರಿ ಜಿಲ್ಲೆಯಿಂದ ಕಿತ್ತು ಆಂಧ್ರದ ಅನಂತಪುರ ಜಿಲ್ಲೆಗೆ ಹೋಯಿತು. ಮೊದಲು ಸಂಸ್ಥಾನಕ್ಕೂ ಪ್ರಾಂತಕ್ಕೂ ನಡುವಿನ ಗೆರೆಯಾಗಿದ್ದದ್ದು ಈಗ ಎರಡು ಭಾಷಾ ರಾಜ್ಯಗಳ ನಡುವಿನ ಗೆರೆಯಾಯಿತು. ಶಾಲೆಯ ಭಾಷೆ, ಕಚೇರಿಯ ಭಾಷೆ, ಬಸ್ಸಿನ ಫಲಕದ ಭಾಷೆ ಗೆರೆಯ ಎರಡು ಕಡೆ ಬೇರೆಯಾಗತೊಡಗಿತು. ರೈಲು ಹಾದಿಯ ಕತೆಯೂ ಇದಕ್ಕೆ ತಕ್ಕಂತಿದೆ. ಬಳ್ಳಾರಿಯಿಂದ ಬಂದ ಹಳಿ ರಾಯದುರ್ಗದಲ್ಲಿ ನಿಂತಿತ್ತು, ಚಿಕ್ಕಜಾಜೂರಿನಿಂದ ಬಂದದ್ದು ಚಿತ್ರದುರ್ಗದಲ್ಲಿ. ನಡುವೆ ಚಳ್ಳಕೆರೆ, ಮೊಳಕಾಲ್ಮುರು ಸೀಮೆ ಬರಿದಾಗಿತ್ತು. ಈ ಎರಡು ತುದಿಗಳು ಕೂಡಲು ಏಕೀಕರಣವಾದ ಮೇಲೂ ದಶಕಗಳೇ ಬೇಕಾದವು.

ಅಷ್ಟರಲ್ಲೇ ಇನ್ನೊಂದು ಆಘಾತ. 1955ರಲ್ಲಿ ಹೊರಬಂದ ಆಯೋಗದ ವರದಿ ಕರ್ನಾಟಕ ರಾಜ್ಯವನ್ನು ಶಿಫಾರಸು ಮಾಡಿತು, ಜೊತೆಗೆ ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ತಾಲ್ಲೂಕುಗಳನ್ನು ಆಂಧ್ರಕ್ಕೆ ಕೊಡಿ ಎಂದಿತು. ಕಾರಣ ಭಾಷೆಯಲ್ಲ, ತುಂಗಭದ್ರಾ ನೀರು: ರಾಯಲಸೀಮೆಯ ಒಣಭೂಮಿಗೆ ಅದು ತಲುಪಬೇಕು ಎಂಬುದು. ಅಂದರೆ ಎರಡು ವರ್ಷ ಹಿಂದೆ ಅಳಿಸಿದ ಗೆರೆಯನ್ನು ಬಳ್ಳಾರಿಯ ದಾರಿಯಲ್ಲಿ ಮತ್ತೆ ಎಳೆಯುವ ಸಲಹೆ. ಕರ್ನಾಟಕದ ಕಡೆ ಎಲ್ಲ ಪಕ್ಷಗಳೂ ಒಂದಾಗಿ ಎದ್ದವು. ಏಕೀಕರಣವೇ ಬೇಡವೆನ್ನುತ್ತಿದ್ದವರಿಗೂ ಬಳ್ಳಾರಿ ಬೇಕಾಗಿತ್ತು! ಕೊನೆಗೆ ಪಾರ್ಲಿಮೆಂಟು ಆ ಭಾಗವನ್ನು ಮೈಸೂರಿನಲ್ಲೇ ಉಳಿಸಿತು.

ಮೈಸೂರಿನ ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರ ನಡೆಯನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಮೊದಲು ಹಿಂದುಮುಂದು ನೋಡಿದರು. ಅವರ ಪಕ್ಷದಲ್ಲೇ, ಸಂಪುಟದಲ್ಲೇ, ಎರಡು ಕನ್ನಡ ರಾಜ್ಯಗಳಿರಲಿ ಎನ್ನುವವರಿದ್ದರು. ಆಯೋಗದ ವರದಿಯ ಮೇಲೆ ಶಾಸನಸಭೆಯಲ್ಲಿ ನಡೆದ ಚರ್ಚೆಯಲ್ಲಿ ಒಂದೇ ಪಕ್ಷದವರು ಎದ್ದು ಪರವಾಗಿಯೂ ವಿರುದ್ಧವಾಗಿಯೂ ಮಾತಾಡಿದರು. ಕೊನೆಗೆ ಹನುಮಂತಯ್ಯ ಏಕೀಕರಣದ ಪರ ನಿಂತರು. ಹೊಸ ರಾಜ್ಯದಲ್ಲಿ ತಮ್ಮ ಬೆಂಬಲದ ಅಂಕಿ ಕುಗ್ಗುತ್ತದೆಂದು ಅವರಿಗಿಂತ ಚೆನ್ನಾಗಿ ಯಾರಿಗೂ ತಿಳಿದಿರಲಾರದು. 1956ರ ಆಗಸ್ಟಿನಲ್ಲಿ ಅವರು ಅಧಿಕಾರ ಬಿಡಬೇಕಾಯಿತು. ತಾವು ಕಟ್ಟಿಸಿದ ವಿಧಾನಸೌಧದಲ್ಲಿ ವಿಶಾಲ ರಾಜ್ಯದ ಮುಖ್ಯಮಂತ್ರಿಯಾಗಿ ಕೂರುವ ಯೋಗ ಅವರಿಗೆ ಬರಲಿಲ್ಲ. ನವೆಂಬರ್ 1ರಂದು 19 ಜಿಲ್ಲೆಗಳ ರಾಜ್ಯದ ಮುಖ್ಯಮಂತ್ರಿಯಾದವರು ನಿಜಲಿಂಗಪ್ಪ. 1957ರ ಚುನಾವಣೆಯಲ್ಲಿ ಅವರು ಶಾಸನಸಭೆಗೆ ಬಂದದ್ದು ಮೊಳಕಾಲ್ಮುರು ಕ್ಷೇತ್ರದಿಂದ. ಅದೇ ವರ್ಷ ಚಿತ್ರದುರ್ಗದ ಲೋಕಸಭಾ ಸ್ಥಾನ ಮಾತ್ರ ಕಾಂಗ್ರೆಸ್ಸಿಗೆ ಸಿಗಲಿಲ್ಲ. ಪ್ರಜಾ ಸೋಷಲಿಸ್ಟ್ ಪಕ್ಷದ ಜೆ. ಮಹಮದ್ ಇಮಾಂ ಗೆದ್ದರು.

ಮೈಸೂರಿನವರ ಭಯ ಹುಸಿಯಾಯಿತೇ? ನಿಜಲಿಂಗಪ್ಪ, ಬಿ.ಡಿ. ಜತ್ತಿ, ಎಸ್.ಆರ್. ಕಂಠಿ, ಮತ್ತೆ ನಿಜಲಿಂಗಪ್ಪ, ವೀರೇಂದ್ರ ಪಾಟೀಲ: 1971ರವರೆಗಿನ ಮುಖ್ಯಮಂತ್ರಿಗಳ ಈ ಪಟ್ಟಿ ಓದಿದವರು ಹುಸಿ ಎನ್ನಲಾರರು. 1972ರಲ್ಲಿ ಬಂದ ದೇವರಾಜ ಅರಸರು ಆ ಲೆಕ್ಕಾಚಾರವನ್ನೇ ಬೇರೆ ಬಗೆಯಲ್ಲಿ ಕೂಡಿಸಿದರು. 1973ರಲ್ಲಿ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು ಹಳೆ ಮೈಸೂರಿನ ಈ ಅರಸರ ಕಾಲದಲ್ಲೇ. ಹೆಸರಿಗಾಗಿ ಒತ್ತಾಯಿಸಿದ್ದ ಗೋಪಾಲಗೌಡರು ಅದಕ್ಕೆ ಒಂದು ವರ್ಷ ಮುಂಚೆ ತೀರಿಕೊಂಡಿದ್ದರು.

ಇಷ್ಟೆಲ್ಲದರಲ್ಲಿ ಸೇರುವ ಪ್ರಶ್ನೆಯನ್ನು ಮತದಾರನ ಮುಂದೆ ನೇರವಾಗಿ ಇಟ್ಟದ್ದು ಪುಟ್ಟ ಕೊಡಗಿನಲ್ಲಿ. 1952ರ ಚುನಾವಣೆಯಲ್ಲಿ ಸಿ.ಎಂ. ಪೂಣಚ್ಚನವರ ಕಾಂಗ್ರೆಸ್ ವಿಲೀನದ ಪರ. ಗಾಂಧಿವಾದಿ ಪಂದ್ಯಂಡ ಬೆಳ್ಯಪ್ಪನವರ ತಕ್ಕಡಿ ಪಕ್ಷ ವಿರುದ್ಧ. 24 ಸ್ಥಾನಗಳಲ್ಲಿ 15 ಕಾಂಗ್ರೆಸ್ಸಿಗೆ, 9 ತಕ್ಕಡಿಗೆ. ಯುರೋಪಿನ ಜನಮತಗಳ ಹತ್ತಿರಕ್ಕೆ ಬರುವ ಉದಾಹರಣೆ ನಮ್ಮಲ್ಲಿ ಇದೊಂದೇ. ಕಾಸರಗೋಡಿನವರನ್ನು ಹೀಗೆ ಕೇಳಿದವರಿಲ್ಲ. 1956ರಲ್ಲಿ ಕೇರಳಕ್ಕೆ ಸೇರಿದ ಮೇಲೆ, 1957ರಲ್ಲಿ ಮಂಜೇಶ್ವರದ ಜನ ಎಂ. ಉಮೇಶರಾಯರನ್ನು ಅವಿರೋಧವಾಗಿ ಆರಿಸಿ ಕಳಿಸಿ ತಮ್ಮ ಉತ್ತರ ಹೇಳಿದರು. ಬೆಳಗಾವಿಯಲ್ಲಿ ಲಿಟ್ಮಸ್ ಮತ್ತೆ ಬಣ್ಣ ತೋರಿಸಿತು: ಮುಂಬಯಿಯಲ್ಲಿ ವಸಂತರಾವ್ ನಾಯಕ್, ಬೆಂಗಳೂರಿನಲ್ಲಿ ನಿಜಲಿಂಗಪ್ಪ, ಇಬ್ಬರೂ ಕಾಂಗ್ರೆಸ್ಸಿನ ಮುಖ್ಯಮಂತ್ರಿಗಳೇ. 1967ರ ಮಹಾಜನ ವರದಿಯನ್ನು ಒಂದು ಸರ್ಕಾರ ತಿರಸ್ಕರಿಸಿತು, ಇನ್ನೊಂದು ಅದನ್ನೇ ಹಿಡಿದು ಕುಳಿತಿತು.

ಗೆರೆಗಳ ಕತೆ ಇನ್ನೂ ಮುಗಿದಿಲ್ಲ. 2012ರ ಸಂವಿಧಾನ ತಿದ್ದುಪಡಿಯಿಂದ ಬಂದ 371ಜೆ ವಿಧಿಯ ವಿಶೇಷ ಸೌಲಭ್ಯ ಹಳೆಯ ಹೈದರಾಬಾದು ಕರ್ನಾಟಕದ ಜಿಲ್ಲೆಗಳ ಜೊತೆಗೆ ಬಳ್ಳಾರಿಗೂ ದೊರೆಯಿತು. ಬಳ್ಳಾರಿ ಹಿಂದೆ ಮದರಾಸಿನದು, ನಿಜಾಮರದಲ್ಲ ಎಂಬುದನ್ನು ಓದುಗರು ಬಲ್ಲರು. ಬಿ.ಜಿ. ಕೆರೆಯ ಹುಡುಗನಿಗೆ ಕಾಲೇಜು ಸೀಟಿನಲ್ಲಿ, ಸರ್ಕಾರಿ ನೌಕರಿಯಲ್ಲಿ ಆ ಮೀಸಲು ಇಲ್ಲ. ಗಡಿಯಾಚೆಯ, ಅದೇ ಮಳೆ ಕಾಣದ ಊರಿನ ಹುಡುಗನಿಗೆ ಇದೆ. ಮೊಳಕಾಲ್ಮುರನ್ನೂ ಸೇರಿಸಿ ಎಂಬ ಬೇಡಿಕೆ ಎದ್ದದ್ದು, ಚುನಾವಣೆಯ ಹೊತ್ತಿಗೆ ಪಕ್ಷಗಳು ಅದಕ್ಕೆ ದನಿಗೂಡಿಸಿದ್ದು ಈ ಹಿನ್ನೆಲೆಯಲ್ಲಿ. ನಿಜಲಿಂಗಪ್ಪನವರ ಹುಟ್ಟೂರು ಹಲುವಾಗಲು ಇರುವ ಹರಪನಹಳ್ಳಿ ತಾಲ್ಲೂಕಿನವರು ಈ ಹಾದಿಯನ್ನು ಮೊದಲೇ ನಡೆದಿದ್ದಾರೆ. 1997ರಲ್ಲಿ ಬಳ್ಳಾರಿಯಿಂದ ಹೊಸ ದಾವಣಗೆರೆ ಜಿಲ್ಲೆಗೆ ಹೋದ ತಾಲ್ಲೂಕು, 371ಜೆ ಬಂದ ಮೇಲೆ ಹೋರಾಟ ಮಾಡಿ ಬಳ್ಳಾರಿಗೆ ಮರಳಿತು. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಅದರ ಪಾಲಾಯಿತು.